ಬಾವಲಿ ಹಿಕ್ಕೆಯ ಲೆಕ್ಕ ಕೊಡಿ

ಮಂತ್ರ ಅಂದರೆ ನಿಯಮಗಳನ್ನೆಲ್ಲ ಮೀರುವ ಶಕ್ತಿ ಅಂತ ನಂಬಿಕೊಂಡಿದ್ದೀರಾ? ಹಾಗಾದರೆ ನೀವಿನ್ನೂ ‘ದಿ ಆರ್ಡರ್ ಆಫ್ ದಿ ಸ್ಟಿಕ್’ ಅಭಿಮಾನಿಗಳ ಕೈಗೆ ಸಿಕ್ಕಿಲ್ಲ. ಅಮೆರಿಕದ ರಿಚ್ ಬರ್ಲ್ಯೂ 2003ರಲ್ಲಿ ಶುರು ಮಾಡಿದ ವೆಬ್‌ಕಾಮಿಕ್ ಇದು. ಪಾತ್ರಗಳೆಲ್ಲ ಕಡ್ಡಿ ಮನುಷ್ಯರು. ಗುಂಡು ತಲೆ, ಗೆರೆಯಂಥ ಕೈಕಾಲು. ಇವರ ಲೋಕ ನಡೆಯುವುದು ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಅನ್ನುವ, ದಾಳ ಉರುಳಿಸಿ ಪಾತ್ರ ವಹಿಸುವ ಆಟದ ನಿಯಮಗಳ ಮೇಲೆ. ಮೊದಲ ಕಂತಿನಲ್ಲೇ ಆಟದ ಹಳೆ ಆವೃತ್ತಿ ಹೋಗಿ 3.5 ಬರುತ್ತದೆ. ನೆಲಮಾಳಿಗೆಯಲ್ಲಿ ಹೊಡೆದಾಡುತ್ತಿದ್ದವರು ನಿಂತ ನಿಲುವಿನಲ್ಲೇ ಬದಲಾಗಿಬಿಡುತ್ತಾರೆ. ಬರ್ಲ್ಯೂ ನಿಯಮಗಳನ್ನು ನೋಡಿ ನಕ್ಕಿದ್ದರು. ಅಭಿಮಾನಿಗಳು ಅದನ್ನು ಅಫಿಡವಿಟ್ ಅಂತ ತಿಳಿದು ಫೈಲಿಗೆ ಹಾಕಿಕೊಂಡರು.

ಅಂದಿನಿಂದ ತನಿಖೆ ನಡೆಯುತ್ತಲೇ ಇದೆ. ಮುಖ್ಯ ಆರೋಪಿ ವಾರ್ಸುವಿಯಸ್, ಎಲ್ಫ್ ಅನ್ನುವ ಮನುಷ್ಯರಂಥ ಕಾಲ್ಪನಿಕ ಕುಲದ ಮಾಂತ್ರಿಕರು. ಅವರು ‘ಡಿಸಿಂಟಿಗ್ರೇಟ್’ ಹೊಡೆದು ಎದುರಿಗಿದ್ದವನನ್ನು ಬೂದಿ ಮಾಡಿದರು ಅನ್ನಿ. ಸತ್ತವನು ಯಾರು ಅಂತ ಕೇಳುವವರಿಲ್ಲ. ಅದು 6ನೇ ಮಟ್ಟದ ಮಂತ್ರ, ಅಂದರೆ ಹೊಡೆದವರ ಅನುಭವ ಕನಿಷ್ಠ 11ನೇ ಲೆವೆಲ್, ಬರೆದುಕೊಳ್ಳಿ! ಬರ್ಲ್ಯೂ ಪಾತ್ರಗಳ ಅಂಕಿಅಂಶ ಬಿಟ್ಟುಕೊಡದಿದ್ದರೇನಂತೆ, ಅವರಿಗೆ ಗೊತ್ತಿಲ್ಲದ್ದು ಇವರಿಗೆ ಗೊತ್ತು.

ಈ ಆಟದಲ್ಲಿ ಮಾಂತ್ರಿಕರು ಬೆಳಗ್ಗೆ ಪುಸ್ತಕ ನೋಡಿ ಮಂತ್ರ ಸಿದ್ಧ ಮಾಡಿಕೊಳ್ಳಬೇಕು. ಪ್ರಯೋಗಿಸಿದ ಕೂಡಲೇ ಅದು ತಲೆಯಿಂದ ಅಳಿಸಿಹೋಗುತ್ತದೆ. ಕರ್ಣನಿಗೆ ಶಾಪದಿಂದ ಒಮ್ಮೆ ಆದದ್ದು ಇವರಿಗೆ ದಿನಾ ಆಗುತ್ತದೆ. ಎಲ್ಫ್‌ಗಳಿಗೆ ನಿದ್ದೆ ಬೇಕಿಲ್ಲ, 4 ಗಂಟೆ ಧ್ಯಾನ ಸಾಕು. ಆದರೆ ಮಂತ್ರ ಸಿದ್ಧ ಮಾಡಿಕೊಳ್ಳುವ ಮೊದಲು 8 ಗಂಟೆ ವಿಶ್ರಾಂತಿ ಬೇಕೇ ಬೇಕು, ನಿಯಮ ಹಾಗಿದೆ. ಹಾಗಾಗಿ ವಾರ್ಸುವಿಯಸ್ ಎಷ್ಟು ಗಂಟೆ ಸುಮ್ನೆ ಕೂತಿದ್ದರು, ಸಂಜೆಗೆ ಎಷ್ಟು ಮಂತ್ರ ಬಾಕಿ ಉಳಿಯಿತು ಅನ್ನೋ ಹಾಜರಿ ಪುಸ್ತಕವೂ ಇವರ ಬಳಿ ಇರುತ್ತದೆ. ಫೈರ್‌ಬಾಲ್ ಎಸೆದರೆ 20 ಅಡಿ ತ್ರಿಜ್ಯದೊಳಗೆ ಯಾರಿದ್ದರು ಅಂತ ಚಿತ್ರದ ಮೇಲೆ ಸ್ಕೇಲ್ ಇಡುತ್ತಾರೆ. ಅಳೆಯುತ್ತಿರುವುದು ಕಡ್ಡಿ ಮನುಷ್ಯರನ್ನು, ನೆನಪಿರಲಿ. ಆ ಮಂತ್ರಕ್ಕೆ ಬಾವಲಿ ಹಿಕ್ಕೆ, ಗಂಧಕ ಬೇಕು. ಎಲ್ಲಿಂದ ತಂದರು? ರಸೀದಿ ಎಲ್ಲಿ?

ಇವರ ಪ್ರೀತಿಯನ್ನು ಮಾತ್ರ ಅನುಮಾನಿಸಬೇಡಿ. ಮುಗಿದುಹೋಗಿದ್ದ ಪುಸ್ತಕಗಳನ್ನು ಮತ್ತೆ ಅಚ್ಚು ಹಾಕಿಸಲು 2012ರಲ್ಲಿ ಬರ್ಲ್ಯೂ ಜನರಿಂದ ದುಡ್ಡು ಕೂಡಿಸುವ ಜಾಲತಾಣ ಕಿಕ್‌ಸ್ಟಾರ್ಟರ್‌ನಲ್ಲಿ 57,750 ಡಾಲರ್ ಕೇಳಿದರು. ಬಂದದ್ದು 12.5 ಲಕ್ಷ ಡಾಲರಿಗೂ ಜಾಸ್ತಿ. ಕೈಯಿಂದ ದುಡ್ಡು ಕೊಟ್ಟು ಮೊಸರಲ್ಲಿ ಕಲ್ಲು ಹುಡುಕುವವರು ಬೇರೆಲ್ಲೂ ಸಿಗಲಿಕ್ಕಿಲ್ಲ.

ಈಗ ಅಸಲು ವಿಷಯಕ್ಕೆ ಬರೋಣ. ವಾರ್ಸುವಿಯಸ್ ಒಂದು ಎಳೆಯ ಕಪ್ಪು ಡ್ರ್ಯಾಗನ್ನನ್ನು ಕೊಂದಿದ್ದರು. ಅದರ ತಾಯಿ ಸೇಡಿಗೆ ಬಂದು ಇವರ ಮಕ್ಕಳ ಮೇಲೆ ಕಣ್ಣು ಹಾಕಿದಳು. ವಾರ್ಸುವಿಯಸ್ ಮೂವರು ಪಿಶಾಚಿಗಳ ಜೊತೆ ಒಪ್ಪಂದ ಮಾಡಿಕೊಂಡು, ಸತ್ತ ಮೂವರು ಮಹಾಮಾಂತ್ರಿಕರ ಆತ್ಮಗಳನ್ನು ಮೈಮೇಲೆ ಬರಿಸಿಕೊಂಡರು. ತಾಯಿಯನ್ನು ಕೊಂದರು. ಅಷ್ಟಕ್ಕೇ ನಿಲ್ಲಿಸಲಿಲ್ಲ. ‘ಫ್ಯಾಮಿಲಿಸೈಡ್’ ಅನ್ನುವ ಮಂತ್ರ ಹಾಕಿದರು. ಅವಳ ರಕ್ತ ಹಂಚಿಕೊಂಡವರೆಲ್ಲ ಸತ್ತರು. ಹಾಗೆ ಸತ್ತವರ ರಕ್ತ ಹಂಚಿಕೊಂಡವರೂ ಸತ್ತರು. ಮರಿಗಳು, ಮುದುಕರು, ಸುದ್ದಿಯೇ ಮುಟ್ಟದಷ್ಟು ದೂರ ಇದ್ದವರು, ಎಲ್ಲರೂ.

ಇಂಥ ಸಾಮೂಹಿಕ ಕೊಲೆ ನೋಡಿ ನಮ್ಮ ಲೆಕ್ಕಿಗರಿಗೆ ಎದ್ದ ಮೊದಲ ಪ್ರಶ್ನೆ: ಇದು ನೆಕ್ರೊಮ್ಯಾನ್ಸಿ ಅನ್ನುವ ಸಾವಿನ ಮಂತ್ರವಿದ್ಯೆ, ವಾರ್ಸುವಿಯಸ್‌ಗೆ ನಿಷಿದ್ಧ, ಹೇಗೆ ಹಾಕಿದರು? ಮೈಮೇಲೆ ಬಂದಿದ್ದವರಲ್ಲಿ ಒಬ್ಬಳು ಅದರಲ್ಲೇ ಪಳಗಿದವಳು ಅಂತ ಗೊತ್ತಾಗಿ ನಿಟ್ಟುಸಿರು ಬಿಟ್ಟರು. ಕೊಲೆಯೇನೋ ಆಯಿತು, ಕಾರ್ಯವಿಧಾನದಲ್ಲಿ ಲೋಪ ಆಗಲಿಲ್ಲವಲ್ಲ!

ಆಮೇಲೆ ನ್ಯಾಯದ ಸರದಿ. ಕಪ್ಪು ಡ್ರ್ಯಾಗನ್ ಅಂದರೆ ದುಷ್ಟ ಜಾತಿ ಅಂತ ಆಟದ ಪುಸ್ತಕದಲ್ಲೇ ಅಚ್ಚಾಗಿದೆ, ಹಾಗಾಗಿ ಪಾಪ ಇಲ್ಲ ಅಂತ ಒಂದು ಬಣ. ಚರ್ಮದ ಬಣ್ಣ ನೋಡಿ ವಂಶ ತೊಡೆದುಹಾಕುವುದಕ್ಕೆ ಏನು ಹೇಳುತ್ತಾರೆ ಅಂತ ಯಾರಾದರೂ ಕೇಳಿದರೆ, ಅಲ್ಲ ಸ್ವಾಮಿ, ಇದು ಬರೀ ಆಟ ಅಲ್ವಾ ಅನ್ನುವ ಉತ್ತರ ಸಿದ್ಧ. ಬಾವಲಿ ಹಿಕ್ಕೆಯ ವಿಷಯ ಬಂದಾಗ ಮಾತ್ರ ಅದು ಆಟ ಆಗಿರಲಿಲ್ಲ.

ಬರ್ಲ್ಯೂ ಕಾದರು. ಬಹಳ ಕಂತು ಕಳೆದ ಮೇಲೆ ಡ್ರೇಕ್‌ಟೂತ್ ಅನ್ನುವ ಮನುಷ್ಯರ ಮನೆತನ ಇಡಿಯಾಗಿ ಸತ್ತು ಬಿದ್ದಿರುವುದನ್ನು ತೋರಿಸಿದರು. ಅವರ ಮೈಯಲ್ಲೂ ಅದೇ ಡ್ರ್ಯಾಗನ್ ರಕ್ತ ಇತ್ತು. ವಾರ್ಸುವಿಯಸ್ ಅದನ್ನು ಅರ್ಥ ಮಾಡಿಕೊಂಡು ಕುಸಿದುಹೋದರು. ಲೆಕ್ಕಿಗರು ಕುಸಿಯಲಿಲ್ಲ. ವಂಶವೃಕ್ಷ ಬರೆಯಲು ಕೂತರು. ಯಾರಿಗೆ ಯಾರು ಎಷ್ಟನೇ ತಲೆಮಾರು, ಮಂತ್ರ ಎಲ್ಲಿಗೆ ನಿಲ್ಲಬೇಕಿತ್ತು, ಸೊಸೆಯಂದಿರು ಇದರಲ್ಲಿ ಬರುತ್ತಾರೋ ಇಲ್ಲವೋ.

ಪಿಶಾಚಿಗಳ ಸಾಲವೂ ಇದೆಯಲ್ಲ. ಯಾವ ಆತ್ಮ ಎಷ್ಟು ಹೊತ್ತು ಮೈಮೇಲಿತ್ತೋ, ಅದನ್ನು ಕೊಟ್ಟ ಪಿಶಾಚಿಗೆ ಅಷ್ಟು ಹೊತ್ತು ವಾರ್ಸುವಿಯಸ್ ಆತ್ಮ ಸೇರಬೇಕು. ವಸೂಲಿ ಶುರುವಾಗಿದೆ. ನರಕದವರು ನಿಮಿಷ ತಪ್ಪದೆ ಲೆಕ್ಕ ಇಟ್ಟಿದ್ದಾರೆ, ಒಪ್ಪುತ್ತೇನೆ. ಆದರೂ ಅಭಿಮಾನಿಗಳು ಹಳೆಯ ಕಂತುಗಳನ್ನು ತೆಗೆದು ಇನ್ನೊಮ್ಮೆ ಕೂಡಿ ನೋಡುತ್ತಿದ್ದಾರೆ. ಪಿಶಾಚಿಗಳು ಒಂದೆರಡು ನಿಮಿಷ ಜಾಸ್ತಿ ಹಾಕಿಕೊಂಡಿದ್ದರೆ ಬಿಡುವ ಪೈಕಿ ಅಲ್ಲ ಇವರು.