ಪೂರ್ವಕ್ಕೆ ಕುರಿ

ನ್ಯಾಯಾಲಯದ ಶೀಘ್ರಲಿಪಿಗಾರ್ತಿಯಾಗುವ ಆಸೆಯಿಂದ ಮಲ್ಲೇಶ್ವರದ ಅಡ್ಡರಸ್ತೆಯೊಂದರ ಮಹಡಿಯ ಮೇಲಿನ ತರಗತಿಗೆ ಸೇರಿದವರು ಮೊದಲು ಕಲಿಯುವುದು ಕಾನೂನನ್ನೂ ಅಲ್ಲ, ಲಿಪಿಯನ್ನೂ ಅಲ್ಲ, ಪೆನ್ಸಿಲ್ ಹೆರೆಯುವುದನ್ನು. ಐಸಾಕ್ ಪಿಟ್‌ಮನ್ 1837ರಲ್ಲಿ ಇಂಗ್ಲೆಂಡಿನಲ್ಲಿ ಪ್ರಕಟಿಸಿದ ಪದ್ಧತಿಯಲ್ಲಿ ತೆಳುವಾಗಿ ಎಳೆದ ಗೆರೆ ‘ಪ’ ಆದರೆ, ಅದನ್ನೇ ಒತ್ತಿ ಎಳೆದಾಗ ‘ಬ’ ಆಗುತ್ತದೆ. ‘ಕ’ ಮತ್ತು ‘ಗ’ಗಳ ಸಂಬಂಧವೂ ಹಾಗೆಯೇ. ಜೆಲ್ ಪೆನ್ನಿಗೆ ಈ ಭೇದಭಾವ ತಿಳಿಯದಾದ್ದರಿಂದ ಪೆನ್ಸಿಲ್ಲೇ ಆಗಬೇಕು. ಉಕ್ತಲೇಖನದ ನಡುವೆ ಮೊನೆ ಮುರಿದರೆ ಯಾರೂ ಕಾಯುವುದಿಲ್ಲವಾದ್ದರಿಂದ ಅದು ಎರಡೂ ತುದಿಗಳಲ್ಲಿ ಚೂಪಾಗಿರಬೇಕು. ಇಂಥ ಎರಡು ಮೊನೆಯ ಆಯುಧವನ್ನು ಮೊಸರಿನ ಪೊಟ್ಟಣವಿದ್ದ ಚೀಲದಲ್ಲಿಟ್ಟುಕೊಂಡು, ಕಾಲಿಡಲೂ ಜಾಗವಿಲ್ಲದ ಬಸ್ಸಿನಲ್ಲಿ ನಿಂತು ಹೋದರೆ ಏನಾಗಬೇಕೋ ಅದೇ ಆಯಿತು. ತೊಯ್ದು ಊದಿಕೊಂಡ ನನ್ನ ಅಭ್ಯಾಸ ಪುಸ್ತಕವನ್ನು ಎರಡು ಬೆರಳುಗಳಲ್ಲಿ ಎತ್ತಿ ಹಿಡಿದು ನೋಡಿದ ಮೇಷ್ಟ್ರು, “ಇವತ್ತಾದರೂ ನಿಮ್ಮ ‘ಬ’ ದಪ್ಪಗೆ ಕಾಣ್ತಿದೆಯಲ್ಲಮ್ಮ” ಎಂದರು.

ದಪ್ಪ ತೆಳುವಿನ ಕಷ್ಟವನ್ನಾದರೂ ಸಹಿಸಬಹುದು. ಸ್ವರಗಳ ರಗಳೆಯೇ ಬೇರೆ. ವ್ಯಂಜನದ ಗೆರೆಯ ಪಕ್ಕದಲ್ಲಿ ಚುಕ್ಕೆಯಾಗಿಯೋ ಪುಟ್ಟ ಗೀಟಾಗಿಯೋ ನಿಲ್ಲಬೇಕಾದ ಸ್ವರಗಳನ್ನು ವೇಗ ಹೆಚ್ಚಿದಂತೆ ಕೈಬಿಡುವುದು ರೂಢಿ. ಬರೆದ ಗೆರೆ ಸಾಲಿಗಿಂತ ಮೇಲಿದೆಯೇ, ಸಾಲಿಗೆ ತಾಗಿದೆಯೇ, ಸಾಲನ್ನು ಸೀಳಿಕೊಂಡು ಕೆಳಗಿಳಿದಿದೆಯೇ ಎಂದು ನೋಡಿ, ಬಿಟ್ಟುಹೋದ ಸ್ವರವನ್ನು ಊಹಿಸಿಕೊಳ್ಳಬೇಕು. ಕೈ ಒಂದಿಷ್ಟು ಜಾರಿತೋ, ಕೆರೆ, ಕುರಿ, ಕರು, ಕಾರು ಎಲ್ಲಕ್ಕೂ ಒಂದೇ ಮುಖ. ಒಮ್ಮೆ ಮೇಷ್ಟ್ರು ಜಮೀನಿನ ದಾವೆಯೊಂದರ ಚಕ್ಕುಬಂದಿಯನ್ನು, ಅಂದರೆ ಸುತ್ತಲಿನ ಗಡಿಗಳ ವಿವರವನ್ನು, ಹೇಳಿ ಬರೆಸಿ, ಓದಿ ಎಂದಾಗ, ನೆಲಮಂಗಲದಿಂದ ಬರುವ ಸಹಪಾಠಿಯೊಬ್ಬ ಎದ್ದು ನಿಂತು, ಅತ್ಯಂತ ಗಂಭೀರ ಧ್ವನಿಯಲ್ಲಿ, “ಪೂರ್ವಕ್ಕೆ ಕುರಿ, ಪಶ್ಚಿಮಕ್ಕೆ ಸರ್ಕಾರಿ ರಸ್ತೆ, ಉತ್ತರಕ್ಕೆ ಪ್ರತಿವಾದಿಯ ಜಮೀನು” ಎಂದು ಓದಿದ.

“ಕುರಿ ಮೇಯ್ತಾ ಮೇಯ್ತಾ ಆಚೆ ಹೋದ್ರೆ ಗಡಿ ಎಲ್ಲಿಗೆ ಬರುತ್ತಪ್ಪಾ?” ಎಂದು ಮೇಷ್ಟ್ರು ಕೇಳಿದರು.

“ಬೆಂಗಳೂರಲ್ಲಿ ಕೆರೆಗಳೂ ಇದ್ದಲ್ಲಿ ಇಲ್ವಲ್ಲ ಸಾರ್” ಎಂದು ಆತ ಉತ್ತರಿಸಿದ. ಧರ್ಮಾಂಬುಧಿ ಕೆರೆಯಿದ್ದ ಜಾಗದಲ್ಲಿ ಮೆಜೆಸ್ಟಿಕ್ ಬಸ್ ನಿಲ್ದಾಣವೂ, ಸಂಪಂಗಿ ಕೆರೆಯಿದ್ದಲ್ಲಿ ಕಂಠೀರವ ಕ್ರೀಡಾಂಗಣವೂ ಇರುವ ಊರಿನಲ್ಲಿ ಈ ವಾದವನ್ನು ತಳ್ಳಿಹಾಕಲು ಮೇಷ್ಟ್ರಿಗೂ ಆಧಾರ ಸಿಗಲಿಲ್ಲ.

ಅಮೆರಿಕದಲ್ಲಿರುವ ನನ್ನ ನಾದಿನಿಯ ಪ್ರಕಾರ ಇದೆಲ್ಲ ವೃಥಾ ಶ್ರಮ. ಅಲ್ಲಿಯ ನ್ಯಾಯಾಲಯದ ವರದಿಗಾರರು 22 ಕೀಲಿಗಳ ಸ್ಟೆನೋಟೈಪ್ ಯಂತ್ರದಲ್ಲಿ ಹಲವು ಕೀಲಿಗಳನ್ನು ಒಟ್ಟಿಗೆ ಒತ್ತಿ ಇಡೀ ಉಚ್ಚಾರಾಂಶವನ್ನು ಒಂದೇ ಏಟಿಗೆ ದಾಖಲಿಸುತ್ತಾರೆ. ಅವರ ವೃತ್ತಿ ಪರೀಕ್ಷೆಯಲ್ಲಿ ಸಾಕ್ಷಿಯ ಪ್ರಶ್ನೋತ್ತರದ ವೇಗ ನಿಮಿಷಕ್ಕೆ 225 ಪದ. ನಮ್ಮಲ್ಲಿ ಸಾಮಾನ್ಯವಾಗಿ ಅಷ್ಟು ಧಾವಂತವಿಲ್ಲ, ಏಕೆಂದರೆ ಸಾಕ್ಷಿ ಹೇಳಿದ್ದನ್ನು ನ್ಯಾಯಾಧೀಶರು ಕೇಳಿ, ಹದಕ್ಕೆ ತಂದು, ತಾವೇ ಹೇಳಿ ಬರೆಸುತ್ತಾರೆ. ಅದನ್ನು ಕಣ್ಣಾರೆ ನೋಡಿ ಬನ್ನಿರೆಂದು ಮೇಷ್ಟ್ರು ಕಳಿಸಿದ್ದರಿಂದ ಕೆಂಪೇಗೌಡ ರಸ್ತೆಯ ನ್ಯಾಯಾಲಯ ಸಂಕೀರ್ಣದ ಹಿಂದಿನ ಬೆಂಚಿನಲ್ಲಿ ನಾವು ಕೆಲವರು ಹೋಗಿ ಕುಳಿತೆವು. ಕಟಕಟೆಯಲ್ಲಿದ್ದಾತ, “ಬಂದ, ಬಾಯಿಗೆ ಬಂದಂಗೆ ಬೈದ, ನಾಲ್ಕು ಬಿಟ್ಟ, ಹೋದ ಸ್ವಾಮಿ” ಎಂದು ಒಂದೇ ಉಸಿರಿನಲ್ಲಿ ಮುಗಿಸಿದ. ದಾಖಲೆಗೆ ಹೋದದ್ದು, “ಆರೋಪಿಯು ಸ್ಥಳಕ್ಕೆ ಬಂದು, ಅವಾಚ್ಯ ಶಬ್ದಗಳಿಂದ ನನ್ನನ್ನು ನಿಂದಿಸಿ, ಕೈಗಳಿಂದ ಹಲ್ಲೆ ಮಾಡಿ, ಅಲ್ಲಿಂದ ಹೊರಟುಹೋದನು” ಎಂಬುದು. ತನ್ನದೇ ಬಾಯಿಂದ ಇಷ್ಟು ಚೆಂದದ ಮಾತು ಹೊರಟಿತೆಂದು ಕೇಳಿದ ಸಾಕ್ಷಿ ತಲೆಗೂದಲು ಸರಿಪಡಿಸಿಕೊಂಡು ಸ್ವಲ್ಪ ನೆಟ್ಟಗೆ ನಿಂತ. ಅನಂತರ ಪಾಟೀಸವಾಲು ಶುರುವಾಯಿತು. ವಕೀಲರು ಎಷ್ಟೇ ಸುತ್ತಿ ಬಳಸಿ ಕೇಳಿದರೂ ದಾಖಲೆಯಲ್ಲಿ ಎಲ್ಲವೂ ಎರಡೇ ಬಾಲಗಳಲ್ಲಿ ಮುಗಿಯುತ್ತಿತ್ತು: “ಎಂದರೆ ಸರಿ” ಇಲ್ಲವೇ “ಎಂದರೆ ಸರಿಯಲ್ಲ.”

ಈ ಬಾಲ ನನ್ನೊಂದಿಗೆ ಮನೆಗೂ ಬಂತು. “ಒಲೆ ಮುಂದೇನೇ ನಿಂತಿದ್ದೆಯಲ್ಲೇ, ಹಾಲು ಹೇಗೆ ಉಕ್ಕಿತು?” ಎಂದು ಅತ್ತೆ ಕೇಳಿದಾಗ, “ಹಾಲು ಉಕ್ಕುವ ಕಾಲಕ್ಕೆ ನಾನು ಸ್ಥಳದಲ್ಲಿ ಹಾಜರಿದ್ದೆ ಎಂದರೆ ಸರಿಯಲ್ಲ” ಎಂಬ ಉತ್ತರ ನಾಲಿಗೆಯ ತುದಿಯಿಂದ ತಾನಾಗಿ ಉದುರಿತು. ಅತ್ತೆ ಕೋರ್ಟಿನ ಮೆಟ್ಟಿಲು ಹತ್ತಿದವರಲ್ಲ. ಆದರೆ ಒಳ್ಳೆಯ ಅಸ್ತ್ರವನ್ನು ಗುರುತಿಸಲು ಮೆಟ್ಟಿಲು ಹತ್ತಲೇಬೇಕೆಂದಿಲ್ಲ. ಸಕ್ಕರೆ ಕಾಯಿಲೆಗೆ ಮಾತ್ರೆ ನುಂಗುವ ಅವರು ಮರುವಾರವೇ ಸೆರಗಿನಿಂದ ಬಾಯಿ ಒರೆಸಿಕೊಳ್ಳುತ್ತಾ, “ಡಬ್ಬದಲ್ಲಿದ್ದ ಮೈಸೂರುಪಾಕನ್ನು ನಾನು ತಿಂದೆ ಎಂದರೆ ಸರಿಯಲ್ಲ” ಎಂದು ಮಗನೆದುರು ಹೇಳಿಕೆ ಕೊಟ್ಟರು.

ಇಷ್ಟರಲ್ಲಿ ನನ್ನ ವಿದ್ಯೆಯ ಸುದ್ದಿ ನಮ್ಮ ಅಪಾರ್ಟ್‌ಮೆಂಟಿನ ಸಂಘಕ್ಕೂ ಮುಟ್ಟಿ, ಮಾಸಿಕ ಸಭೆಯ ನಡಾವಳಿ ಬರೆಯುವ ಹೊಣೆ ನನ್ನ ಹೆಗಲೇರಿತು. ನೀರಿನ ಟ್ಯಾಂಕರಿನ ಬಾಬ್ತು, ಪಾರ್ಕಿಂಗ್ ಜಾಗ, ಮೂರನೆಯ ಮಹಡಿಯವರ ನಾಯಿ, ಇವುಗಳ ಮೇಲೆ ಎಲ್ಲರೂ ಒಟ್ಟಿಗೆ ಮಾತನಾಡಿದರು. 225 ಪದಗಳ ಪರೀಕ್ಷೆ ಪಾಸಾದವರೂ ಅಲ್ಲಿ ಬೆವರುತ್ತಿದ್ದರು. ಪೆನ್ಸಿಲಿನ ಎರಡೂ ಮೊನೆಗಳು ಸವೆಯುವ ತನಕ, ಯಾರು ಯಾರಿಗೆ ಏನೆಂದರೆಂಬುದನ್ನು ಒಂದು ಅಕ್ಷರ ಬಿಡದಂತೆ ಬರೆದುಕೊಂಡು, ಕೊನೆಗೆ ಎದ್ದು ನಿಂತು ಎಲ್ಲರಿಗೂ ಕೇಳುವಂತೆ ಓದಿ ಹೇಳಿದೆ. ಅಧ್ಯಕ್ಷರು ಖಜಾಂಚಿಯವರನ್ನು ಕುರಿತು ಆಡಿದ್ದ ಮಾತು ಬಂದಾಗ ಸಭೆ ಒಮ್ಮೆ ಸ್ತಬ್ಧವಾಗಿ, ಮರುಕ್ಷಣವೇ ಮೊದಲಿಗಿಂತ ಹೆಚ್ಚು ವೇಗದಲ್ಲಿ ಶುರುವಾಯಿತು. ತಾವು ಹಾಗೆ ಅಂದೇ ಇಲ್ಲವೆಂದು ಅಂದವರೆಲ್ಲರೂ ಹೇಳಿದರು. ಮುಂದಿನ ತಿಂಗಳಿನಿಂದ ನಡಾವಳಿಯನ್ನು ಹಿಂದಿನ ಪದ್ಧತಿಯಂತೆ ಸಭೆಗೆ ಮುಂಚೆಯೇ ಬರೆದಿಡತಕ್ಕದ್ದೆಂದು ಸರ್ವಾನುಮತದಿಂದ ತೀರ್ಮಾನವಾಯಿತು.