ಲಕ್ಷದ ಬೇಸು, ನೂರು ರೂಪಾಯಿ ಕೇಬಲ್ಲು

ಗಣಪತಿ ಹಬ್ಬ ಹತ್ತಿರ ಬಂತು ಅಂದರೆ ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಕಡೆಯ ಆರ್ಕೆಸ್ಟ್ರಾ ಹುಡುಗರದ್ದು ಒಂದೇ ಪ್ರಶ್ನೆ: "ಅಣ್ಣಾ, ಯಾವ ಬೇಸ್ ಗಿಟಾರ್ ತಗೊಳ್ಲಿ?" ನನ್ನ ಉತ್ತರ ಯಾರಿಗೂ ಹಿಡಿಸುವುದಿಲ್ಲ. ಇಪ್ಪತ್ತೈದು ಸಾವಿರದ ಒಳಗಿನ ಬೇಸ್ ಸಾಕು ಮಾರಾಯ್ರೆ. ಮಿಕ್ಕ ದುಡ್ಡನ್ನು ಸೆಟಪ್ಪು (ನೆಕ್ಕು, ತಂತಿ ಹದ ಮಾಡಿಸುವುದು), ಎರಡು ಒಳ್ಳೆ ಕೇಬಲ್, ಒಂದು ಡಿಐ ಬಾಕ್ಸ್ (ಬೇಸಿನ ಸಿಗ್ನಲ್ಲನ್ನು ಸೌಂಡ್ ಮಿಕ್ಸರಿಗೆ ಕಳಿಸುವ ಡಬ್ಬಿ), ವೋಲ್ಟೇಜ್ ಅಳೆಯುವ ಒಂದು ಮಲ್ಟಿಮೀಟರ್‌ಗೆ ಹಾಕಿ. ನಮ್ಮ ಕಡೆ ಪ್ರೋಗ್ರಾಂ ಕೆಡುವುದು ಬೇಸಿನ ತಲೆ ಮೇಲಿರುವ ಹೆಸರಿನಿಂದಲ್ಲ. ಶೀತ (ಮಳೆಗಾಲದ ತೇವ) ಮತ್ತು ಕರೆಂಟಿನಿಂದ.

ಮೊದಲು ಶೀತದ ಮಾತು. ಆಗುಂಬೆಯಲ್ಲಿ ವರ್ಷದ ಮಳೆ 7,000 ಮಿ.ಮೀ. ದಾಟುತ್ತದೆ. ಅಲ್ಲಿಯವರೆಗೆ ಹೋಗುವುದೇ ಬೇಡ, ಜುಲೈನಲ್ಲಿ ಹೊಸನಗರದ ಯಾವ ಮನೆಯಲ್ಲಾದರೂ ಚಪ್ಪಲಿಗೇ ಬೂಷ್ಟು ಹಿಡಿಯುತ್ತದೆ, ಇನ್ನು ಬೇಸಿನ ಮರದ ನೆಕ್ (ಉದ್ದನೆಯ ಕುತ್ತಿಗೆ) ಸುಮ್ಮನಿರುತ್ತದೆಯೇ? ಯಾವ ಕಡೆ ಬಾಗುತ್ತದೆ ಎನ್ನುವುದು ಮರ ಮತ್ತು ಪಾಲಿಶ್ ನೋಡಿ ಬದಲಾಗುತ್ತದೆ, ಹಾಗಾಗಿ ಟ್ರಸ್ ರಾಡಿನ (ನೆಕ್ಕಿನ ಬಾಗು ಸರಿಮಾಡುವ ಒಳಗಿನ ಸರಳು) ಕೀಯನ್ನು ಅಂದಾಜಿಗೆ ತಿರುಗಿಸಬೇಡಿ. ಶ್ರುತಿ ಮಾಡಿ, ಒಂದನೇ ಫ್ರೆಟ್ಟನ್ನೂ (ನೆಕ್ ಮೇಲಿನ ಲೋಹದ ಅಡ್ಡಪಟ್ಟಿ) ಬಾಡಿ ಸೇರುವಲ್ಲಿನ ಫ್ರೆಟ್ಟನ್ನೂ ಒತ್ತಿ ಹಿಡಿದು, ಏಳು-ಎಂಟನೇ ಫ್ರೆಟ್ಟಿನ ಹತ್ತಿರ ತಂತಿಯ ಅಡಿ ಎಷ್ಟು ಸಂದು ಇದೆ ನೋಡಿ. ವಿಸಿಟಿಂಗ್ ಕಾರ್ಡ್ ಹಗುರವಾಗಿ ತೂರಬೇಕು, ಅಂದರೆ ಸುಮಾರು 0.3 ಮಿ.ಮೀ. ಸಂದು ಜಾಸ್ತಿ ಇದ್ದರೆ ಟ್ರಸ್ ರಾಡ್ ಬಲಕ್ಕೆ, ಇಲ್ಲವೇ ಇಲ್ಲ ಅಂದರೆ ಎಡಕ್ಕೆ. ಒಂದು ಸಲಕ್ಕೆ ಕಾಲು ಸುತ್ತು ಮೀರಬಾರದು, ಮತ್ತೆ ಶ್ರುತಿ ಮಾಡಿ ಅಳೆಯಬೇಕು. ಅದಾದ ಮೇಲೆ ಬ್ರಿಡ್ಜಿನ (ಬಾಡಿಯ ಮೇಲೆ ತಂತಿ ಕೂರುವ ತುಂಡು) ಎತ್ತರ. ಹನ್ನೆರಡನೇ ಫ್ರೆಟ್ಟಿನಲ್ಲಿ ತಂತಿಯ ಅಡಿ 2ರಿಂದ 2.5 ಮಿ.ಮೀ. ಇದ್ದರೆ ಬೆರಳಿಗೆ ಸುಖ. ಕೊನೆಗೆ ಇಂಟೋನೇಶನ್, ಅಂದರೆ ಎಲ್ಲ ಫ್ರೆಟ್ಟಿನಲ್ಲೂ ಶ್ರುತಿ ಸರಿ ಬರುವಂತೆ ತಂತಿಯ ಉದ್ದ ಹೊಂದಿಸುವುದು. ಈ ಅನುಕ್ರಮ ತಪ್ಪಿಸಿದರೆ ಮಾಡಿದ್ದನ್ನೇ ಮಾಡುತ್ತ ಕೂರಬೇಕು.

ಹೊರಗೋಡೆಗೆ ಬೇಸ್ ನೇತುಹಾಕಬೇಡಿ, ಮಳೆಗಾಲದಲ್ಲಿ ಆ ಗೋಡೆ ಬೆವರುತ್ತದೆ. ಗಟ್ಟಿ ಕೇಸಿನಲ್ಲಿ ತೇವ ಹೀರುವ ಸಿಲಿಕಾ ಜೆಲ್ ಹಾಕಿಡಿ. ಹರಳಿನ ಬಣ್ಣ ಬದಲಾಯಿತು ಎಂದರೆ ನೀರು ಕುಡಿದು ಹೊಟ್ಟೆ ತುಂಬಿದೆ ಎಂದರ್ಥ. ಸಣ್ಣ ಉರಿಯಲ್ಲಿ ಒಣಗಿಸಿ ಮತ್ತೆ ಬಳಸಬಹುದು, ಆದರೆ ಅಡುಗೆಯ ಬಾಣಲೆ ಮುಟ್ಟಬೇಡಿ.

ಹಳೇ ತಂತಿ ಕುದಿಸಿದರೆ ಹೊಸದಾಗುತ್ತದೆ ಎಂಬ ಉಪಾಯ ನಿಜ, ಕೊಳೆ ಬಿಟ್ಟು ನಾಲ್ಕು ದಿನ ಮಿಂಚುತ್ತದೆ. ಬೇಸಿಗೆಯಲ್ಲಿ ಮಾಡಿ. ಮಳೆಗಾಲದಲ್ಲಿ ಸುತ್ತಿನ ಒಳಗೆ ಸೇರಿದ ನೀರು ಆರುವುದೇ ಇಲ್ಲ, ಒಳಗಿಂದ ತುಕ್ಕು ಹಿಡಿಯುತ್ತದೆ. ನುಡಿಸಿದ ತಕ್ಷಣ ಒಣ ಬಟ್ಟೆಯಲ್ಲಿ ತಂತಿಯ ಅಡಿಭಾಗವನ್ನೂ ಸೇರಿಸಿ ಒರೆಸಿದರೆ ಅರ್ಧ ಕೆಲಸ ಮುಗಿಯಿತು. ಬ್ರಿಡ್ಜಿನ ಸ್ಕ್ರೂಗಳಿಗೆ ಹೊಲಿಗೆ ಮೆಷಿನ್ ಎಣ್ಣೆ ಒಂದೊಂದು ತೊಟ್ಟು.

ಇದೇ ಕಾರಣಕ್ಕೆ ನನ್ನ ಓಟು ಪ್ಯಾಸಿವ್ (ಒಳಗೆ ಬ್ಯಾಟರಿ ಇಲ್ಲದ) ಬೇಸಿಗೆ. 1951ರಲ್ಲಿ ಫೆಂಡರ್‌ನವರು ಪ್ರಿಸಿಷನ್ ಬೇಸ್ ತಂದಾಗ ಅದರಲ್ಲಿದ್ದದ್ದು ಒಂದು ಪಿಕಪ್ (ತಂತಿಯ ಕಂಪನ ಹಿಡಿಯುವ ಭಾಗ), ಒಂದು ವಾಲ್ಯೂಮ್, ಒಂದು ಟೋನ್. ಕೆಡುವುದಕ್ಕೆ ಅಲ್ಲಿ ಹೆಚ್ಚೇನೂ ಇಲ್ಲ. ಆಕ್ಟಿವ್ (ಬ್ಯಾಟರಿಯ) ಬೇಸ್ ಇರುವವರು ಒಂದು ನೆನಪಿಡಿ: ಜ್ಯಾಕ್ ಚುಚ್ಚಿರುವಷ್ಟು ಹೊತ್ತೂ 9 ವೋಲ್ಟಿನ ಬ್ಯಾಟರಿ ಖಾಲಿಯಾಗುತ್ತಲೇ ಇರುತ್ತದೆ. ಭಾಷಣ ಶುರುವಾದರೆ ಕೇಬಲ್ ಕಿತ್ತಿಡಿ, ಭಾಷಣ ಬೇಗ ಮುಗಿಯುವುದಿಲ್ಲ!

ಇನ್ನು ಕರೆಂಟು. ಇದನ್ನು ಓದದೆ ದಾಟಬೇಡಿ.

ಪೆಂಡಾಲಿನಲ್ಲಿ ಮೂರು ಫೇಸ್ ಎಳೆದು, ಒಂದರಲ್ಲಿ ಲೈಟು, ಒಂದರಲ್ಲಿ ಸೌಂಡು, ಇನ್ನೊಂದರಲ್ಲಿ ಸೀರಿಯಲ್ ಸೆಟ್ಟು ಹಾಕಿರುತ್ತಾರೆ. ನ್ಯೂಟ್ರಲ್ ತಂತಿಯನ್ನು ಎಲ್ಲೋ ಕೈಯಲ್ಲಿ ತಿರುಚಿ ಟೇಪ್ ಸುತ್ತಿರುತ್ತಾರೆ. ಅದು ಸಡಿಲವಾದರೆ 230 ಇರಬೇಕಾದ ಜಾಗದಲ್ಲಿ 400ರ ಹತ್ತಿರದವರೆಗೂ ವೋಲ್ಟೇಜ್ ಏರಬಹುದು. ಆಮೇಲೆ ಆಂಪ್ (ಆಂಪ್ಲಿಫೈಯರ್), ಕೀಬೋರ್ಡ್ ಅಡಾಪ್ಟರ್ ಎಲ್ಲ ಒಟ್ಟಿಗೆ ಹೊಗೆ. ಗುರುತು ಸುಲಭ: ಹೊಸದಾಗಿ ಒಂದು ಲೈಟು ಹಾಕಿದಾಗ ಕೆಲವು ಬಲ್ಬು ಮಂಕಾಗಿ ಕೆಲವು ವಿಪರೀತ ಹೊಳೆದರೆ ನ್ಯೂಟ್ರಲ್ ಹೋಗುತ್ತಿದೆ. ಕೂಡಲೇ ಪ್ಲಗ್ ಕಿತ್ತು, ಲೈಟಿನವರನ್ನು ಕರೆದು ಸರಿ ಮಾಡಿಸಿ. ನೀವು ಕೈ ಹಾಕಬೇಡಿ.

ಆಂಪ್ ಚುಚ್ಚುವ ಮೊದಲು ಬೋರ್ಡಿನಲ್ಲಿ ಮೂರು ಅಳತೆ. ಫೇಸ್-ನ್ಯೂಟ್ರಲ್ 207ರಿಂದ 253ರ ಒಳಗಿರಬೇಕು. ಫೇಸ್-ಅರ್ತ್ ಕೂಡ ಹೆಚ್ಚುಕಡಿಮೆ ಅಷ್ಟೇ ಬರಬೇಕು. ಬರಲಿಲ್ಲ ಅಂದರೆ ಅರ್ತ್ ಪಿನ್ ಬರೀ ಅಲಂಕಾರ. ನ್ಯೂಟ್ರಲ್-ಅರ್ತ್ ಒಂದೆರಡು ವೋಲ್ಟ್ ಪರವಾಗಿಲ್ಲ, ಹತ್ತಿಪ್ಪತ್ತು ಬಂದರೆ ಅನುಮಾನ ಪಡಿ. ಎಲ್ಲ ಲೈಟು ಹತ್ತಿದ ಮೇಲೆ ಇನ್ನೊಮ್ಮೆ ನೋಡಿ, ಹಗಲಿನ ಅಳತೆ ರಾತ್ರಿಗೆ ಇರುವುದಿಲ್ಲ.

ನಾಲ್ಕನೆಯದು ಪ್ರಾಣದ ಪ್ರಶ್ನೆ. ಬೇಸಿನ ತಂತಿ ಬ್ರಿಡ್ಜ್ ಮೂಲಕ ನಿಮ್ಮ ಆಂಪಿನ ಅರ್ತಿಗೆ ಸೇರಿದೆ, ಮೈಕಿನ ಜಾಲರಿ ಮಿಕ್ಸರಿನ ಅರ್ತಿಗೆ. ಎರಡೂ ಬೇರೆ ಬೇರೆ ಬೋರ್ಡಿನಲ್ಲಿದ್ದು ಒಂದು ಕಡೆ ದೋಷ ಇದ್ದರೆ, ತಂತಿ ಹಿಡಿದು ಕೋರಸ್ ಹಾಡಲು ಬಾಯಿಟ್ಟ ಕ್ಷಣ ಕರೆಂಟು ನಿಮ್ಮ ಮೈಯಲ್ಲಿ ಹಾಯುತ್ತದೆ. ಒದ್ದೆ ನೆಲ, ಬರಿಗಾಲು ಬೇರೆ. ಮೀಟರನ್ನು ಎಸಿ ವೋಲ್ಟಿಗಿಟ್ಟು ಒಂದು ಕಡ್ಡಿ ತಂತಿಗೆ, ಒಂದು ಜಾಲರಿಗೆ ತಾಗಿಸಿ. ಒಂದೆರಡು ವೋಲ್ಟಿಗಿಂತ ಹೆಚ್ಚು ತೋರಿಸಿದರೆ ನುಡಿಸಬೇಡಿ. ಸ್ಟೇಜಿನ ಆಂಪು, ಕೀಬೋರ್ಡು, ಮಿಕ್ಸರ್ ಎಲ್ಲ ಒಂದೇ ಬೋರ್ಡಿಗೆ ಬರಲಿ. 'ಹಮ್' (ಗುಂಯ್ ಅನ್ನುವ ಸದ್ದು) ಬರುತ್ತದೆ ಎಂದು ಪ್ಲಗ್ಗಿನ ಅರ್ತ್ ಪಿನ್ ಮುರಿಯುವ ಮಹಾನುಭಾವರಿದ್ದಾರೆ, ಅವರನ್ನು ಸ್ಟೇಜ್ ಹತ್ತಿಸಬೇಡಿ. ಹಮ್ ತೆಗೆಯಲು ಡಿಐ ಬಾಕ್ಸಿನ ಮೇಲೆ ಗ್ರೌಂಡ್ ಲಿಫ್ಟ್ ಎಂಬ ಸ್ವಿಚ್ಚೇ ಇದೆ.

ಆಂಪಿನ ವಿಷಯದಲ್ಲಿ ವ್ಯಾಟ್ಸಿನ ಮೋಹ ಬಿಡಿ. ವ್ಯಾಟ್ಸ್ ದುಪ್ಪಟ್ಟಾದರೆ ಏರುವುದು ಬರೀ 3 ಡಿಬಿ (ಡೆಸಿಬೆಲ್). ಕಿವಿಗೆ ದುಪ್ಪಟ್ಟು ಅನ್ನಿಸಬೇಕಾದರೆ ಸುಮಾರು ಹತ್ತು ಪಟ್ಟು ವ್ಯಾಟ್ಸ್ ಬೇಕು. ಇಡೀ ಸಭಾಂಗಣಕ್ಕೆ ಕೇಳಿಸುವುದು ಪಿಎ (ಜನರ ಕಡೆಗಿಟ್ಟ ದೊಡ್ಡ ಸ್ಪೀಕರ್ ಸೆಟ್) ಕೆಲಸ, ನಿಮಗೆ ಸ್ಟೇಜಿನಲ್ಲಿ ಕೇಳಿದರೆ ಸಾಕು. ಕ್ಲಾಸ್ ಡಿ ಹೆಡ್ (ಸ್ಪೀಕರ್ ಇಲ್ಲದ ಹಗುರ ಆಂಪ್) ಮೂರು ಕಿಲೋ ಒಳಗೆ ಸಿಗುತ್ತದೆ, ಬೆನ್ನಿಗೂ ಒಳ್ಳೆಯದು. 8 ಓಮಿನ ಎರಡು ಕ್ಯಾಬಿನೆಟ್ (ಸ್ಪೀಕರ್ ಪೆಟ್ಟಿಗೆ) ಸಮಾನಾಂತರವಾಗಿ ಸೇರಿಸಿದರೆ 4 ಓಮ್. ಹೆಡ್ಡಿನ ಮಿತಿ ಅಷ್ಟೇ ಇದ್ದಾಗ ಮೂರನೆಯದು ಸೇರಿಸಬೇಡಿ. ಹೆಡ್ಡಿನಿಂದ ಕ್ಯಾಬಿನೆಟ್ಟಿಗೆ ಸ್ಪೀಕರ್ ಕೇಬಲ್ಲೇ ಬೇಕು, ಗಿಟಾರ್ ಕೇಬಲ್ ಬಿಸಿಯಾಗುತ್ತದೆ.

ಈಗ ಎಲ್ಲರೂ ಮಾಡುವ ತಪ್ಪು: ಬೇಸ್ ಕೇಳ್ತಿಲ್ಲ ಅಂದ ಕೂಡಲೇ ಬೇಸ್ ನಾಬ್ ಏರಿಸುವುದು. ನಾಲ್ಕನೇ ತಂತಿಯ ಇ ಸ್ವರ 41 ಹರ್ಟ್ಜ್. ಸಬ್ (ತೀರಾ ಕೆಳಸ್ವರದ ಸ್ಪೀಕರ್) ಇಲ್ಲದ ಪೆಂಡಾಲ್ ಬಾಕ್ಸುಗಳು ಅಷ್ಟು ಕೆಳಗೆ ಇಳಿಯುವುದೇ ಇಲ್ಲ. ಮೇಲಿನ ಹಾರ್ಮೋನಿಕ್ಸ್ (ಅದೇ ಸ್ವರದ ಜೊತೆ ಹುಟ್ಟುವ ಮೇಲಿನ ಸ್ವರಗಳು) ಕೇಳಿದರೆ ಕೆಳಗಿನದನ್ನು ಮಿದುಳೇ ತುಂಬಿಕೊಳ್ಳುತ್ತದೆ. ಹಾಗಾಗಿ ಬೇಸ್ ನಾಬ್ ಸ್ವಲ್ಪ ಇಳಿಸಿ, 700-800 ಹರ್ಟ್ಜ್ ಸ್ವಲ್ಪ ಏರಿಸಿ, 40ರ ಕೆಳಗಿನದನ್ನು ತಡೆಯುವ ಹೈಪಾಸ್ ಫಿಲ್ಟರ್ ಹಾಕಿಸಿ. 60-80ರ ಜಾಗ ರಿದಂ ಪ್ಯಾಡಿನವನ ಕಿಕ್‌ಗೆ (ದೊಡ್ಡ ಡ್ರಮ್ಮಿನ ಸದ್ದು) ಬಿಟ್ಟುಕೊಡಿ. ಶೀಟು ಹೊದೆಸಿದ ಸಮುದಾಯ ಭವನದಲ್ಲಂತೂ ಸ್ವರ ಗುಂಯ್‌ಗುಡುತ್ತ ಉಳಿಯುತ್ತದೆ. ಅಲ್ಲಿ ಬ್ರಿಡ್ಜ್ ಪಕ್ಕ ತಂತಿಯ ಅಡಿ ಒಂದು ತುಂಡು ಸ್ಪಂಜ್ ಸಿಕ್ಕಿಸಿ, ಸ್ವರ ಗಿಡ್ಡವಾಗುತ್ತದೆ, ಹಾಡು ಬಿಡಿಸಿಕೊಂಡು ಕೇಳುತ್ತದೆ. ಕೀಬೋರ್ಡಿನವನ ಎಡಗೈ ಅದೇ ಹೊತ್ತಿಗೆ ಬೇಸ್ ನುಡಿಸುತ್ತಿದ್ದರೆ ನಿಮ್ಮ ಈ ಸಾಹಸವೆಲ್ಲ ದಂಡ. ಅದನ್ನು ರಿಹರ್ಸಲ್‌ನಲ್ಲೇ ಮಾತಾಡಿಕೊಳ್ಳಿ.

ಸಂಭಾವನೆ ಬಗ್ಗೆ ಎರಡೇ ಮಾತು. ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಧ್ವನಿವರ್ಧಕ ನಿಷೇಧ, ವಿಶೇಷ ಅನುಮತಿ ಇದ್ದರೆ 12ರವರೆಗೆ. ಸನ್ಮಾನ, ಭಾಷಣ ಮುಗಿದು ಒಂಬತ್ತಕ್ಕೆ ನಿಮ್ಮನ್ನು ಹತ್ತಿಸಿ, "ಒಂದೇ ತಾಸು ನುಡಿಸಿದ್ದಲ್ಲಾ" ಎಂದು ದುಡ್ಡು ಕಡಿಯುತ್ತಾರೆ. ಲೆಕ್ಕ ಸ್ಟೇಜಿಗೆ ಬಂದ ಸಮಯದಿಂದ ಎಂದು ಮೊದಲೇ ವಾಟ್ಸ್ಯಾಪಿನಲ್ಲಿ ಬರೆಸಿಕೊಳ್ಳಿ, ಅರ್ಧ ಅಡ್ವಾನ್ಸ್ ಹಾಕಿಸಿಕೊಳ್ಳಿ. ಕರಾವಳಿ ಕಡೆ ಪ್ರೋಗ್ರಾಂ ಇದ್ದರೆ ಘಾಟಿ ಬಂದ್ ಆಗಿ ಸುತ್ತಿ ಬರುವ ಖರ್ಚು ಯಾರದ್ದು ಎಂಬುದನ್ನೂ ಅದರಲ್ಲೇ ಸೇರಿಸಿ.

ಮನೆ ತಲುಪುವುದು ನಡುರಾತ್ರಿ ಮೂರಕ್ಕಾದರೂ ಸರಿ, ಬೇಸನ್ನು ಬ್ಯಾಗಿನಿಂದ ಹೊರಗೆ ತೆಗೆದೇ ಮಲಗಿ. ಮಳೆಯಲ್ಲಿ ನೆನೆದ ಬ್ಯಾಗಿನೊಳಗೆ ಮೂರು ದಿನ ಬಿಟ್ಟರೆ ನಾಲ್ಕನೇ ದಿನ ವಾಲ್ಯೂಮ್ ನಾಬಿನ ಒಳಗಿನ ಪಾಟ್ ಕರಕರ ಅನ್ನುತ್ತದೆ, ಬ್ಯಾಗಿನ ಒಳಗಡೆ ಬಿಳಿ ಬೂಷ್ಟು ಎದ್ದಿರುತ್ತದೆ.