ಸೂಜಿ ಕೇಳುವ ಮುಂಚೆ ಸ್ಕೇಲ್ ಹಿಡೀರಿ

"ಮೈಕೈ ತುಂಬಿಕೊಂಡಾನ, ದೊಡ್ಡಾಂವ ಆದಮ್ಯಾಲ ತಾನ ಸಣ್ಣ ಆಗ್ತಾನ" ಅನ್ನೋ ಮಾತು ಬಳ್ಳಾರಿ ಕಡೆ ಹಳೇದು. ಈಗ ಹೊಸದೊಂದು ಶುರುವಾಗಿದೆ: "ತೂಕ ಇಳಿಸೋ ವಾರಕ್ಕೊಂದು ಸೂಜಿ ಬಂದೈತಂತಲ್ರಿ, ಹುಡುಗಗ ಹಾಕಿಸಿಬಿಡೋಣು."

ಸೂಜಿ ಸುಳ್ಳಲ್ಲ. ಅದರೊಳಗಿನ ಔಷಧಿ ಸೆಮಾಗ್ಲುಟೈಡ್. 2022ರಲ್ಲಿ ಪ್ರಕಟವಾದ ಅದರ ಪ್ರಯೋಗದಲ್ಲಿ 12ರಿಂದ 17 ವರ್ಷದ 201 ಮಕ್ಕಳಿದ್ದರು. 68 ವಾರದ ಹೊತ್ತಿಗೆ ಔಷಧಿ ಪಡೆದವರ ಬಿಎಂಐ (ಕೆಜಿ ತೂಕವನ್ನು ಮೀಟರ್ ಎತ್ತರದ ವರ್ಗದಿಂದ ಭಾಗಿಸಿದ ಅಂಕಿ) ಸರಾಸರಿ ಶೇ 16.1 ಇಳಿಯಿತು, ಔಷಧಿ ಇಲ್ಲದ ಖಾಲಿ ಸೂಜಿ ಪಡೆದವರದ್ದು ಶೇ 0.6 ಏರಿತು. ಎರಡೂ ಗುಂಪಿಗೆ ಊಟದ ಸಲಹೆ ಇತ್ತು, ದಿನಕ್ಕೆ 60 ನಿಮಿಷ ಮೈ ದಣಿಸುವ ಗುರಿ ಇತ್ತು. ಸೂಜಿ ಶುರುವಾಗುವ ಮುಂಚೆಯೇ 12 ವಾರ ಇದು ನಡೆದಿತ್ತು. ಮೈ ಇನ್ನೂ ಪ್ರೌಢಾವಸ್ಥೆಗೆ ಕಾಲಿಡದ ಮಕ್ಕಳನ್ನು ಸೇರಿಸಿರಲಿಲ್ಲ.

ಇಲ್ಲಿ ಕೆಜಿ ಬಿಟ್ಟು ಬಿಎಂಐ ಯಾಕೆ ಅಳೆದರು? ಮಕ್ಕಳು ಉದ್ದ ಆಗ್ತಾ ಇರ್ತಾರೆ. 150 ಸೆಂ.ಮೀ. ಎತ್ತರ, 60 ಕೆಜಿ ಇರೋ ಹುಡುಗನ ಬಿಎಂಐ 26.7. ಅದೇ 60 ಕೆಜಿಯಲ್ಲಿ ನಿಂತು 156 ಸೆಂ.ಮೀ. ಆದರೆ 24.7. ಒಂದು ಕೆಜಿಯೂ ಇಳಿಯಲಿಲ್ಲ, ಆದರೂ ಗೆದ್ದ. "ತೂಕ ಇಳೀಲೇ ಇಲ್ಲ" ಅಂತ ಅವನಿಗೆ ಬೈಯೋದು ಲೆಕ್ಕ ತಪ್ಪಿದವರ ಕೆಲಸ.

ಲೆಕ್ಕ ತಪ್ಪೋದು ಎತ್ತರ ಅಳೆಯೋ ಗೋಡೆ ಹತ್ರಾನೇ. ಚಪ್ಪಲಿ ಬಿಡಿಸಿ. ಹಿಮ್ಮಡಿ, ಕುಂಡಿ, ಬೆನ್ನು ಗೋಡೆಗೆ ತಾಗಲಿ, ನೋಟ ನೇರ ಮುಂದಿರಲಿ. ಜಡೆ ಬಿಚ್ಚಿಸಿ, ದಪ್ಪ ಪುಸ್ತಕ ಒಂದನ್ನು ಗೋಡೆಗೆ ಒತ್ತಿ ತಲೆ ಮೇಲೆ ಇಳಿಸಿ, ಗೆರೆ ಎಳೆಯಿರಿ. 150 ಇರೋ ಕಡೆ 148 ಬರೆದರೆ ಅದೇ ಹುಡುಗನ ಬಿಎಂಐ 27.4 ತೋರಿಸ್ತದೆ. ದೊಡ್ಡವರ ಬಿಎಂಐ ಕೋಷ್ಟಕ ಮಕ್ಕಳಿಗೆ ನಡೆಯಲ್ಲ. 5ರಿಂದ 18 ವರ್ಷಕ್ಕೆ ಭಾರತೀಯ ಮಕ್ಕಳ ವೈದ್ಯರ ಸಂಘದ 2015ರ ಚಾರ್ಟ್ ಇದೆ, ಗಂಡಿಗೆ ಬೇರೆ, ಹೆಣ್ಣಿಗೆ ಬೇರೆ. ಕತ್ತಿನ ಹಿಂದೆ ಕಪ್ಪಗೆ, ಮಖಮಲ್ಲಿನ ಹಾಗೆ ದಪ್ಪ ಆಗಿದ್ದರೆ ಸೋಪು ಹಚ್ಚಿ ಉಜ್ಜಬೇಡಿ. ಅದು ಕೊಳೆಯಲ್ಲ, ಹೆಚ್ಚಾಗಿ ಇನ್ಸುಲಿನ್ ಸರಿ ನಾಟುತ್ತಿಲ್ಲ ಅನ್ನೋದರ ಗುರುತು. ಸಕ್ಕರೆ, ಕೊಬ್ಬು, ಲಿವರ್ ಪರೀಕ್ಷೆ ಮಾಡಿಸಿ.

ಖಾಲಿ ಸೂಜಿಯವರ ಫಲಿತಾಂಶ ನೋಡಿ "ಪಥ್ಯದಿಂದ ಏನೂ ಆಗಲ್ಲ" ಅನ್ನೋದು ಅವಸರದ ಮಾತು. ಅಮೆರಿಕದ ಮಕ್ಕಳ ವೈದ್ಯರ 2023ರ ಮಾರ್ಗಸೂಚಿ ಕೇಳೋದು 3ರಿಂದ 12 ತಿಂಗಳಲ್ಲಿ ಊಟ, ಚಟುವಟಿಕೆ ತಿದ್ದುವ ಕನಿಷ್ಠ 26 ಗಂಟೆ ಮುಖಾಮುಖಿ ಕೆಲಸ, ಮನೆಯವರನ್ನೂ ಕೂರಿಸಿಕೊಂಡು. ಐದು ನಿಮಿಷದ ಓಪಿಡಿ ಲೆಕ್ಕದಲ್ಲಿ ಅದು 312 ಭೇಟಿ! "ಮಿರ್ಚಿ ಮಂಡಕ್ಕಿ ಬಿಡಪಾ" ಅಂತ ಹೇಳಿ ಚೀಟಿ ಹರಿದುಕೊಟ್ಟರೆ ಅದು ಚಿಕಿತ್ಸೆ ಅಲ್ಲ. ನನ್ನನ್ನು ಕೇಳಿದರೆ ಮೊದಲು ಮುಟ್ಟಬೇಕಾದ್ದು ಮಿರ್ಚಿಯನ್ನಲ್ಲ, ಕೂಲ್‌ಡ್ರಿಂಕ್ಸ್ ಬಾಟ್ಲಿಯನ್ನು: 250 ಮಿ.ಲೀ.ಗೆ ಸುಮಾರು 25 ಗ್ರಾಂ ಸಕ್ಕರೆ.

ಸೂಜಿ ಬೇಕೇಬೇಕು ಅಂತ ತಜ್ಞರು ಹೇಳಿದರೆ, ಡೋಸ್ 0.25 ಮಿ.ಗ್ರಾಂ.ನಿಂದ ಶುರು. ನಾಲ್ಕು ನಾಲ್ಕು ವಾರಕ್ಕೆ 0.5, 1, 1.7, ಆಮೇಲೆ 2.4. ಮೆಟ್ಟಿಲು ಹಾರಿದರೆ ವಾಂತಿ, ಭೇದಿ. ರಾಯಚೂರಿನ ಮೇ ಬಿಸಿಲಲ್ಲಿ ವಾಂತಿ ಅಂದ್ರೆ ಏನಂತ ಬೇರೆ ಹೇಳಬೇಕಿಲ್ಲ. 2022ರ ಪ್ರಯೋಗದಲ್ಲಿ ಪಿತ್ತಕೋಶದ ಕಲ್ಲೂ ಕೆಲವರಿಗೆ ಕಂಡಿತ್ತು; ಬಲಪಕ್ಕೆ ಕೆಳಗೆ ನೋವು ಬಂದರೆ ಗ್ಯಾಸ್ ಅಂತ ಕೂರಬೇಡಿ.

ಡಾಕ್ಟರನ್ನು ಕೇಳಲೇಬೇಕಾದ ಪ್ರಶ್ನೆ ಇನ್ನೊಂದಿದೆ: ಇದನ್ನು ನಿಲ್ಲಿಸೋದು ಯಾವಾಗ, ಆಮೇಲೇನು? ಇದೇ ಜಾತಿಯ ಲಿರಾಗ್ಲುಟೈಡನ್ನು ಹದಿಹರೆಯದವರಲ್ಲಿ ಪರೀಕ್ಷಿಸಿದ 2020ರ ಪ್ರಯೋಗದಲ್ಲಿ, ಸೂಜಿ ನಿಲ್ಲಿಸಿದ 26 ವಾರದಲ್ಲಿ ಬಿಎಂಐ ಮತ್ತೆ ಮೇಲಕ್ಕೆ ಹತ್ತಿತ್ತು.